ಇಡೀ ಓಣಿಗೆ ಒಂದೇ ಲೈನು

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ, ನಮ್ಮ ಓಣಿಯ ಬಾಯಲ್ಲೇ ಶಾಂತಕುಮಾರಿಯ ಎಸ್‌ಟಿಡಿ ಬೂತ್ ಇತ್ತು. ಗಂಡ ಲಾರಿ ಓಡಿಸುತ್ತ ಹೆಚ್ಚಾಗಿ ಹೊರಗೇ ಇರುತ್ತಿದ್ದ. ಅವಳು ಹರಪನಹಳ್ಳಿಗೆ ಬಸ್ಸಿನಲ್ಲಿ ಹೋಗಿಬಂದು ಕಂಪ್ಯೂಟರ್ ಕಲಿತಳು. ಬೂತಿನ ಮೂಲೆಯಲ್ಲಿ ಒಂದು ಕಂಪ್ಯೂಟರು, ಒಂದು ಸ್ಕ್ಯಾನರು ಬಂದು ಕೂತವು. ಇಂಟರ್‌ನೆಟ್ಟಿಗೂ ಮಾತಿಗೂ ಇದ್ದದ್ದು ಅದೇ ಒಂದು ಫೋನ್ ಲೈನು.

ಫೋನಿಲ್ಲದ ಮನೆಗಳೆಲ್ಲ ಲಗ್ನಪತ್ರಿಕೆಯಲ್ಲಿ ಅವಳ ನಂಬರನ್ನೇ ಹಾಕಿಸುತ್ತಿದ್ದವು. ಉಜ್ಜಿನಿಯಿಂದಲೋ ಚಿಗಟೇರಿಯಿಂದಲೋ ಕರೆ ಬಂದರೆ ಅವಳು ಹೊಸ್ತಿಲಿಗೆ ಬಂದು ಹೆಸರು ಹಿಡಿದು ಕೂಗುತ್ತಿದ್ದಳು. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರ ಕರೆ ತಪ್ಪಿಹೋಗಬಾರದೆಂದು, ನಡುವೆ ಬೀಪ್ ಎಂದು ತಿಳಿಸುವ ಸೌಲಭ್ಯವನ್ನೂ ಟೆಲಿಫೋನ್ ಎಕ್ಸ್‌ಚೇಂಜಿಗೆ ಓಡಾಡಿ ಹಾಕಿಸಿಕೊಂಡಿದ್ದಳು.

ಎರಡು ಸಾವಿರದ ಎರಡನೇ ಇಸವಿಯ ಒಂದು ಭಾನುವಾರ ಮಧ್ಯಾಹ್ನ. ಕಿರಾಣಿ ಅಂಗಡಿಯ ಪಂಚಾಕ್ಷರಪ್ಪನನ್ನು ಬೂತಿನ ಎದುರಿನ ಸಣ್ಣ ಆಸ್ಪತ್ರೆಗೆ ಎತ್ತಿಕೊಂಡು ಬಂದರು. ಎದೆ ಹಿಡಿದುಕೊಂಡಿದ್ದ. ಬೆವರಿಗೆ ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಗವಿಸಿದ್ದೇಶ್ ಇಸಿಜಿ ಕಾಗದ ಹಿಡಿದು ರಸ್ತೆ ದಾಟಿ ಓಡಿಬಂದರು. ರಸ್ತೆ ಅಗೆದವರು ಕೇಬಲ್ ಕಡಿದು ಆಸ್ಪತ್ರೆಯ ಫೋನು ಸತ್ತಿತ್ತು. ಮೊಬೈಲು ಇನ್ನೂ ಈ ಕಡೆಗೆ ಬಂದಿರಲಿಲ್ಲ.

ಕಾಗದವನ್ನು ಬೂತಿನ ಫ್ಯಾಕ್ಸಿನಲ್ಲಿ ದಾವಣಗೆರೆಯ ಹೃದಯದ ಡಾಕ್ಟರಿಗೆ ಕಳಿಸಿದರು. ಆ ಕಡೆಯಿಂದ ತಿರುಗಿ ಫೋನ್ ಬಂತು: ಗೆರೆಗಳೆಲ್ಲ ಕಲಸಿ ಕಪ್ಪಾಗಿವೆ, ಏನೂ ಕಾಣುತ್ತಿಲ್ಲ, ಮೇಲ್ ಮಾಡಿ, ಕಂಪ್ಯೂಟರ್ ಮುಂದೆಯೇ ಕೂತಿರುತ್ತೇನೆ.

ಅಷ್ಟರಲ್ಲಿ ಪಂಚಾಕ್ಷರಪ್ಪನ ಹೆಂಡತಿ ಗಾದೆಮ್ಮ ಬೂತಿಗೆ ಬಂದಳು. “ಅದೇನೋ ಇಂಜೆಕ್ಷನ್ ಐತಂತಲ್ರಿ. ಚುಚ್ಚಿಬಿಡ್ರಿ ಡಾಕ್ಟ್ರೇ.”

“ಅದು ಹೆಪ್ಪುಗಟ್ಟಿದ ರಕ್ತ ಕರಗಸೋದು ಅವ್ವ. ಹೋದ ತಿಂಗಳಷ್ಟ ಹೊಟ್ಟ್ಯಾಗ ರಕ್ತ ಸೋರಿತ್ತು ನಿಮ್ಮನಿಯವ್ರಿಗೆ. ಈ ಗೆರಿ ನಾನು ತಿಳದಂಗ ಇದ್ರ ಕೊಡಲೇಬೇಕು, ದಾವಣಗೆರಿಗೆ ಒಯ್ಯೋ ಮಟ ಕಾಯಂಗಿಲ್ಲ. ನಾನು ತಿಳದಿದ್ದು ತಪ್ಪಿದ್ರ, ಇಂಜೆಕ್ಷನ್ನೇ ಜೀವಕ್ಕ ಕುತ್ತು. ದಾವಣಗೆರಿ ಡಾಕ್ಟ್ರು ಒಮ್ಮೆ ನೋಡ್ಲಿ.”

ಶಾಂತಕುಮಾರಿ ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಲು ಹಚ್ಚಿದಳು. ಪರದೆಯ ಮೇಲೆ ನೀಲಿ ಪಟ್ಟಿ ಇರುವೆಯಂತೆ ತೆವಳಿತು. ಅರ್ಧ ದಾಟಿತು. ನಿಂತಿತು. ಸಂಪರ್ಕ ಕಡಿದಿತ್ತು. ಮರುಗಳಿಗೆಯೇ ಫೋನ್ ರಿಂಗಾಯಿತು. ಪಂಚಾಕ್ಷರಪ್ಪನ ತಮ್ಮ ಯರ್ರಿಸ್ವಾಮಿ, ಉಜ್ಜಿನಿಯ ತನ್ನ ಅಂಗಡಿಯಿಂದ.

“ಶಾಂತಕ್ಕ, ಅಣ್ಣ ಹೆಂಗದಾನ?”

“ನೋಡಾಕ ಹತ್ಯಾರಪ್ಪ. ಇಡು.”

ಮತ್ತೆ ಮೊದಲಿನಿಂದ ಕಳಿಸಬೇಕಿತ್ತು. ಅವಳು ಚಿತ್ರವನ್ನೇ ದಿಟ್ಟಿಸಿದಳು. ಕಾಗದದ ಗುಲಾಬಿ ಬಣ್ಣ ದಾವಣಗೆರೆಯವರಿಗೆ ಬೇಕಿಲ್ಲ, ಸುತ್ತಲಿನ ಖಾಲಿ ಅಂಚೂ ಬೇಕಿಲ್ಲ. ಬಣ್ಣ ತೆಗೆದಳು, ಅಂಚು ಕತ್ತರಿಸಿದಳು. ಉಳಿದದ್ದನ್ನು ತುಂಡು ತುಂಡು ಮಾಡಿ ಒಂದೊಂದಾಗಿ ಕಳಿಸತೊಡಗಿದಳು. ಲೈನು ಕಡಿದರೂ ಹೋದ ತುಂಡು ಹೋದಂತೆಯೇ. ಉಳಿದದ್ದನ್ನಷ್ಟೇ ಮತ್ತೆ ಕಳಿಸಿದರಾಯಿತು.

ಮೊದಲ ತುಂಡು ಬೇಗನೆ ಹೋಯಿತು. ಎರಡನೆಯದು ಮುಗಿಯುವ ಮೊದಲೇ ಸಂಪರ್ಕ ಮತ್ತೆ ಕಡಿಯಿತು. ಫೋನ್ ರಿಂಗಾಯಿತು. ಈ ಸಲ ಚಿಗಟೇರಿಯ ಬೀಗರು. ಇಟ್ಟ ಕೂಡಲೇ ಇನ್ನೊಂದು, ಹಡಗಲಿಯಿಂದ.

“ಎಷ್ಟು ಮಂದಿ ಕೇಳಾಕ ಹತ್ಯಾರ ನೋಡವ್ವ,” ಎಂದು ಗಾದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಮ್ಮನಿಯವ್ರು ಒಂದು ದಿನಾನೂ ಯಾರಿಗೂ ಕೆಟ್ಟದ್ದು ಅಂದವರಲ್ಲ.”

ಆ ಮಾತಿಗೆ ಶಾಂತಕುಮಾರಿಯ ಕೈ ನಿಂತಿತು. ಲೈನು ತಾನಾಗಿ ಕಡಿಯುತ್ತಿರಲಿಲ್ಲ. ಕೇಳಲು ಮಾಡುವ ಒಂದೊಂದು ಕರೆಯೂ ತಂತಿಯೊಳಗೆ ಬೀಪ್ ಎನ್ನುತ್ತಿತ್ತು. ಆ ಬೀಪಿಗೆ ಇಂಟರ್‌ನೆಟ್ ಬೀಳುತ್ತಿತ್ತು. ಅದನ್ನು ಹಾಕಿಸಿಕೊಂಡವಳು ಅವಳೇ. ತೆಗೆಸೋಣವೆಂದರೆ ಭಾನುವಾರ, ಎಕ್ಸ್‌ಚೇಂಜಿಗೆ ಬೀಗ.

“ಸಾರ್, ನಾನು ಉಜ್ಜಿನಿಗೆ ಫೋನ್ ಹಚ್ಚತೀನಿ.”

“ಈಗೇನ್ರಿ? ಅಲ್ಲಿ ಅವರ ಬಿಪಿ ಇಳೀಲಿಕ್ಕೆ ಹತ್ತೈತಿ.”

“ಈಗ ಹಚ್ಚಲಿಲ್ಲಂದ್ರ ಸಂಜಿ ಮಟ ಇದು ಹೋಗಂಗಿಲ್ಲ. ಗಾದೆಮ್ಮಕ್ಕ, ಯಾರೂ ಇಲ್ಲಿಗೆ ಫೋನ್ ಮಾಡಬ್ಯಾಡ್ರಿ ಅಂತ ನೀನೇ ಹೇಳಬೇಕು.”

ಗಾದೆಮ್ಮ ಹಿಂದೆ ಸರಿದಳು. “ಹೆಂಗ ಹೇಳ್ಲೇ ತಾಯಿ? ಮಾತಾಡಸಾಕ ಬಂದವರ ಮಕಕ್ಕ ಬಾಗಿಲಾ ಹಾಕಿದಂಗ ಆಗ್ತೈತಿ. ನಾಳಿ ಯಾರು ಬರ್ತಾರ ನಮ್ಮನಿಗೆ?”

“ಬಾಗಿಲಾ ಹಾಕೂದು ಬ್ಯಾಡ. ಕೇಳೋರೆಲ್ಲಾ ನಿನ್ನ ಮೈದುನನ ಅಂಗಡಿಗೆ ಫೋನ್ ಮಾಡಿ ಕೇಳ್ಲಿ. ಏನಾತು ಅಂತ ನಾವಾ ಅಲ್ಲಿಗೆ ಒಂದ ಸಲ ಹೇಳೂಣು. ಅಲ್ಲಿಂದ ಎಲ್ಲಾರಿಗೂ ಮುಟ್ಟತೈತಿ.”

ಗಾದೆಮ್ಮ ಡಾಕ್ಟರ ಮುಖ ನೋಡಿದಳು. ಅವರು ಆಸ್ಪತ್ರೆಯ ಕಡೆ ನೋಡಿದರು. ಅವಳು ರಿಸೀವರಿಗೆ ಕೈ ಚಾಚಿದಳು.

ಗಾದೆಮ್ಮ ಹೇಳಿ ಮುಗಿಸಿದಾಗ ಆ ಕಡೆಯಿಂದ ಯರ್ರಿಸ್ವಾಮಿ ಮಾತಾಡಿದ. ಅವನ ದನಿ ಬೇರೆ ದಿನ ಬೂತಿಗೆಲ್ಲ ಕೇಳಿಸುತ್ತಿತ್ತು. ತಂತಿ ಉದ್ದ ಇದೆಯೆಂದು ಅವನು ಯಾವಾಗಲೂ ಕೂಗಿಯೇ ಮಾತಾಡುವವನು. ಈಗ ಮಾತ್ರ ದನಿ ಇಳಿದಿತ್ತು. “ಆತು ಅತ್ತಿಗಿ. ಎಲ್ಲಾರಿಗೂ ನಾನು ಹೇಳ್ತೀನಿ. ನೀವು ಹೇಳೋ ಮಟ ಅಲ್ಲಿಗೆ ಯಾರೂ ಮಾಡಂಗಿಲ್ಲ.”

ಶಾಂತಕುಮಾರಿ ಮತ್ತೆ ಸಂಪರ್ಕ ಹಚ್ಚಿದಳು. ಕಂಪ್ಯೂಟರನ್ನು ಲೈನಿಗೆ ಸೇರಿಸುವ ಮೋಡೆಮ್ಮು ಕಿರುಚಿ ಸುಮ್ಮನಾಯಿತು. ಗಾದೆಮ್ಮ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಡಾಕ್ಟರು ಆಸ್ಪತ್ರೆಗೆ ಹೋಗಿ ನೋಡಿ ಮತ್ತೆ ಬಂದು ಬಾಗಿಲಲ್ಲಿ ನಿಂತರು. ನಿಂತುಹೋಗಿದ್ದ ಎರಡನೆಯ ತುಂಡು ಹೋಯಿತು. ಅದರ ನಂತರದ್ದೂ ಹೋಯಿತು. ಕೊನೆಯ ತುಂಡಿನ ನೀಲಿ ಪಟ್ಟಿ ತುದಿಯ ಹತ್ತಿರ ಬಂದು ತಡೆದು ನಿಂತಿತು. ಶಾಂತಕುಮಾರಿ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಪಟ್ಟಿ ಅಲುಗಿತು, ತುಂಬಿತು. ದಾವಣಗೆರೆಯವರು ಫೋನ್ ಮಾಡಲು ಲೈನು ಖಾಲಿ ಬೇಕಲ್ಲ. ಅವಳು ಕೂಡಲೇ ಸಂಪರ್ಕ ಕಡಿದಳು.

ಫೋನು ಸುಮ್ಮನೆ ಕೂತಿತ್ತು. ಕೊನೆಗೆ ರಿಂಗಾಯಿತು. ಡಾಕ್ಟರು ಎತ್ತಿದರು. “ಹೌದು ಸಾರ್. ಗೊತ್ತು ಸಾರ್, ಹೊಟ್ಟೆದು. ಆತು, ಇಂಜೆಕ್ಷನ್ ಈಗ್ಲೇ ಕೊಡ್ತೀನಿ.” ರಿಸೀವರನ್ನು ಶಾಂತಕುಮಾರಿಯ ಕೈಗೆ ತುರುಕಿ ರಸ್ತೆ ದಾಟಿ ಓಡಿದರು.

ಬಿಸಿಲು ಓಣಿಯ ಆ ಬದಿಗೆ ಸರಿದ ಮೇಲೆ ಅವರು ಮತ್ತೆ ಬಾಗಿಲಿಗೆ ಬಂದರು. “ನೋವು ಇಳದೈತಿ ಅವ್ವ, ನೀರು ಕೇಳಿದ್ರು. ಇಳದಿದ್ದ ಬಿಪಿ ಏರೈತಿ. ರಕ್ತ ಎಲ್ಲೂ ಸೋರಿಲ್ಲ. ರಾತ್ರಿ ಇಲ್ಲೇ ಇರ್ಲಿ, ನಾಳಿ ದಾವಣಗೆರಿಗೆ ಒಯ್ರಿ.”

ಶಾಂತಕುಮಾರಿ ಉಜ್ಜಿನಿಗೆ ಹಚ್ಚಿ ರಿಸೀವರನ್ನು ಗಾದೆಮ್ಮನ ಕೈಗೆ ಕೊಟ್ಟಳು. ಮೊದಲ ರಿಂಗಿಗೇ ಎತ್ತಿದರು.

“ಹೇಳ್ರಿ ಅತ್ತಿಗಿ,” ಎಂದ ಯರ್ರಿಸ್ವಾಮಿ. “ಎಲ್ಲಾರೂ ಇಲ್ಲೇ ಕುಂತಾರ.”

ಗಾದೆಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಹೇಳಿದಳು, “ಅದಾರಪ್ಪ ನಿಮ್ಮಣ್ಣ. ನೀರು ಕೇಳಿದ್ರು.”

ರಿಸೀವರ್ ಕೆಳಗಿಟ್ಟು ಕೈ ತೆಗೆಯುವಷ್ಟರಲ್ಲಿ ಫೋನ್ ಮತ್ತೆ ರಿಂಗಾಯಿತು. ಗಾದೆಮ್ಮ ಗಾಬರಿಯಾಗಿ ಕಂಪ್ಯೂಟರಿನ ಕಡೆ ನೋಡಿದಳು.

ಶಾಂತಕುಮಾರಿ ಅದರ ಸ್ವಿಚ್ ಆರಿಸಿ, ತನ್ನ ಕುರ್ಚಿಯನ್ನು ಅವಳ ಕಡೆ ಸರಿಸಿದಳು. “ಇನ್ನ ಎಷ್ಟು ಮಂದಿ ಮಾಡ್ತಾರೋ ಮಾಡ್ಲಿ. ಕುಂದ್ರಕ್ಕ, ನೀನಾ ಎತ್ತು.”