ನೀಲಿ ಸ್ಕೇಟ್ಸ್

ದೆಹಲಿಯ ಜನಕಪುರಿಯ ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳ ಸ್ಕೇಟಿಂಗ್ ಕ್ಲಾಸು. ಚಕ್ರಗಳ ಸದ್ದು ಶುರುವಾದರೆ ನಾನು ಬಾಲ್ಕನಿ ಬಾಗಿಲು ಹಾಕಿಬಿಡುತ್ತೇನೆ.

ನಾನು ಜಿಪುಣಿ, ಅದರಲ್ಲೇನು ಮುಚ್ಚುಮರೆ? ಸರ್ಕಾರಿ ಗುಮಾಸ್ತೆಯ ಸಂಬಳ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಒಂಬತ್ತು ತುಂಬಿದ ವರ್ಷ ಮಗಳು ಸ್ಕೇಟಿಂಗ್ ಬೇಕೆಂದು ಹಟ ಹಿಡಿದಳು. ವರ್ಷ ಕಳೆಯುವುದರೊಳಗೆ ಚಿಕ್ಕದಾಗುವ ವಸ್ತುವಿಗೆ ಅಷ್ಟು ಸುರಿಯುವುದೇ ಎಂದು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹಳೆಯ ಸ್ಕೇಟ್ಸ್ ಕೇಳಿದೆ. ವರ್ಗವಾದವರು ಮಕ್ಕಳ ಸೈಕಲ್ಲು, ಬ್ಯಾಟು ಅಲ್ಲೇ ದಾಟಿಸಿ ಹೋಗುವುದು ವಾಡಿಕೆ. ಪಕ್ಕದ ಬ್ಲಾಕಿನ ಹೆಂಗಸೊಬ್ಬರು ಬನ್ನಿ ಎಂದರು.

ನೀಲಿ ಸ್ಕೇಟ್ಸ್, ಹೊಸದರಂತಿತ್ತು. ದುಡ್ಡು ಬೇಡವೇ ಬೇಡವೆಂದರು. ಬರಿಗೈಲಿ ಕಳಿಸಬಾರದೆಂದು ನನಗೆ ಅರಿಶಿನ ಕುಂಕುಮ, ತೆಂಗಿನಕಾಯಿ ಕೊಟ್ಟು ಮಗಳ ತಲೆ ನೇವರಿಸಿದರು. ನಿಮ್ಮ ಮಗು ಎಲ್ಲಿ ಎಂದು ಕೇಳಬೇಕಿತ್ತು. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು ಸುಮ್ಮನಾದೆ.

ಮಗಳು ನಾಲ್ಕು ತಿಂಗಳು ಅದರಲ್ಲೇ ಕಲಿತಳು. ಪುಕ್ಕಟೆ ಸಿಕ್ಕಿದ್ದನ್ನು ಆಫೀಸಿನಲ್ಲಿ ಕೊಚ್ಚಿಕೊಂಡಾಗ, ನಮ್ಮ ಕಡೆಯವರೇ ಆದ ಸಹೋದ್ಯೋಗಿಯೊಬ್ಬರು ಯಾವ ಮನೆ ಎಂದು ವಿಚಾರಿಸಿ ಊಟದ ಡಬ್ಬಿ ಮುಚ್ಚಿದರು. ಆ ಮನೆಯ ಒಬ್ಬಳೇ ಮಗಳು ದೀಪಾವಳಿಗೆ ಮುಂಚೆ ಜ್ವರದಲ್ಲಿ ಹೋಗಿದ್ದಳಂತೆ.

ಹೋದ ಮಗುವಿನ ವಸ್ತುವನ್ನು ಇನ್ನೊಂದು ಮಗುವಿಗೆ ತೊಡಿಸಬಾರದು ಎನ್ನುತ್ತಿದ್ದರು ನಮ್ಮಜ್ಜಿ. ನಂಬದ ನಾನು ಅವತ್ತು ನಂಬಿದೆ. ಮಗಳು ನಡುಮನೆಯಲ್ಲಿ ಸುಮ್ಮನೆ ನಡೆದರೂ ಹಿಂದೆ ಇನ್ನೊಂದು ಜೊತೆ ಕಾಲು ಬಂದಂತಾಗುತ್ತಿತ್ತು. ಶನಿವಾರ ಅವಳು ಶಾಲೆಯಲ್ಲಿದ್ದಾಗ ಸ್ಕೇಟ್ಸನ್ನು ಹಳೇ ಪೇಪರಿನ ಜೊತೆ ಗುಜರಿ ಕೊಳ್ಳುವ ಕಬಾಡಿ ಭಯ್ಯಾನ ಗಾಡಿಗೆ ಹಾಕಿದೆ. ಚೌಕಾಸಿಯನ್ನೂ ಮಾಡದೆ ಕೆಂಪು ಬಣ್ಣದ ಹೊಸದು ತಂದೆ. ಜಿಪುಣಿಯ ಕೈಯಿಂದ ಅಂಥ ಖರ್ಚು ಅದೊಂದೇ.

ಮರುದಿನ ಅಪರೂಪಕ್ಕೆ ಮಗಳ ಜೊತೆ ಪಾರ್ಕಿಗೆ ಹೋದರೆ ಕಂಬಿಯ ಹತ್ತಿರ ಆ ಹೆಂಗಸು ನಿಂತಿದ್ದರು. ಮಗಳು ಮಾಮೂಲಿನಂತೆ ಕೈ ಬೀಸಿದಳು. "ಆ ಆಂಟಿ ಹರ್ ಸಂಡೇ ಬರ್ತಾರೆ ಅಮ್ಮಾ," ಅಂದಳು.

ಅವರು ಅವಳ ಕಾಲನ್ನೇ ನೋಡುತ್ತಿದ್ದರು.

"ನೀಲಿದು ಚಿಕ್ಕದಾಯ್ತೇನ್ರೀ?"

ಹೌದೆಂದೆ.

"ಅವಳಿಗೂ ಇಷ್ಟೊತ್ತಿಗೆ ಚಿಕ್ಕದಾಗಿರೋದು," ಎಂದರು. "ಹಾಗಿದ್ರೆ ವಾಪಸ್ ಕೊಟ್ಬಿಡಿ. ನಾನೇ ಇಟ್ಕೋತೀನಿ."

ಮುಂದಿನ ವಾರ ತರುತ್ತೇನೆ ಎಂದೆ.

ಕಬಾಡಿ ಭಯ್ಯಾನ ಹಿಂದೆ ಗೋದಾಮಿನ ತನಕ ಹೋಗಿ ಹುಡುಕಿದೆ, ಸಿಗಲಿಲ್ಲ. ಮಗಳ ಕ್ಲಾಸು ಬಿಡಿಸಿದೆ. ಎಷ್ಟು ಅತ್ತಳೋ ಪಾಪ, ನಾನು ಕಾರಣ ಹೇಳಲಿಲ್ಲ. ಅವರು ಈಗಲೂ ಪ್ರತಿ ಭಾನುವಾರ ಕಂಬಿಯ ಹತ್ತಿರ ಬಂದು ನಿಲ್ಲುತ್ತಾರೆ. ನಮ್ಮ ಬಾಲ್ಕನಿಯಿಂದ ಕಾಣಿಸುತ್ತದೆ.