ಬಾಣಂತನದ ಹುಣಸೆಮರ

ಹಾಲಿನಜ್ಜಿಯ ಬಲಭುಜದ ಮೇಲೆ, ಸೀರೆಯ ಕೆಂಪಿನಲ್ಲಿ, ಯಾವಾಗಲೂ ಒಂದು ಬಿಳಿ ಕಲೆ. ಕೊಕ್ಕರೆಯ ಹಿಕ್ಕೆ. ಒರೆಸಿಕೋ ಅಂದರೆ, "ಮೊಮ್ಮಕ್ಳು ಮಾಡಿದ್ದು ಕಣವ್ವ, ಬುಡು," ಎನ್ನುತ್ತಿದ್ದಳು.

ಕೊಕ್ಕರೆ ಬೆಳ್ಳೂರಿನ ಅವಳ ಹಿತ್ತಿಲಿನಲ್ಲಿ ಒಂದು ಹುಣಸೆಮರ, ಮರದ ತುಂಬ ಗೂಡು. ಆ ಕೊಕ್ಕರೆಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರಿನವರ ಮಾತು. ಮಳೆಗಾಲ ಹತ್ತಿರವಾಗಿ ಹಕ್ಕಿಗಳು ಹೊರಟಾಗ ಅಜ್ಜಿ ಮರದ ಬುಡಕ್ಕೆ ಮಡಿಲಕ್ಕಿ ಇಡುತ್ತಿದ್ದಳು. ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಹಾಕುವ ಹಾಗೆಯೇ, ಅಕ್ಕಿ, ಬೆಲ್ಲ, ಕೊಬ್ಬರಿ.

ನನ್ನ ಡ್ಯಾಡಿ ಕರೆಂಟು ಲೈನಿನ ಇಂಜಿನಿಯರ್, ಊರ ಪಕ್ಕದಲ್ಲೇ ಕ್ಯಾಂಪು. ಯುದ್ಧದ ಕಾಲ, ಬೆಂಗಳೂರಿನ ಕಾರ್ಖಾನೆಗಳಿಗೆ ಕರೆಂಟು ಅರ್ಜೆಂಟ್. ಲೈನು ಊರ ಮೇಲೆಯೇ ಹಾಯುತ್ತಿತ್ತು. ಊರಿಗೆ ಮಾತ್ರ ಒಂದು ಬಲ್ಬೂ ಇಲ್ಲ. ಹುಣಸೆಮರ ಅಡ್ಡ ಬಂತು. ನನಗೆ ಹದಿನಾಲ್ಕು, ಕಾನ್ವೆಂಟಿನಿಂದ ಬೇಸಿಗೆ ರಜಕ್ಕೆ ಕ್ಯಾಂಪಿಗೆ ಬಂದಿದ್ದೆ. ದಿನಾ ನಮಗೆ ಹಾಲು ತರುತ್ತಿದ್ದ ಅಜ್ಜಿ ಚೆಂಬು ಇಳಿಸಿ ನನ್ನೆದುರು ಕೂತಳು.

"ಮರ ಕೊಡಾಕಿಲ್ಲ ಅನ್ನಾಕಿಲ್ಲ ಕಣವ್ವ. ಬಾಣಂತನ ಮುಗೀಲಿ, ಎಲ್ಡು ತಿಂಗ್ಳು. ಮರಿಗೆ ರೆಕ್ಕೆ ಬಲೀಲಿ, ಆಮ್ಯಾಕೆ ಕಡ್ಕೊಳ್ಲಿ. ದೊರೆಗೆ ಇಂಗ್ಲೀಸಲ್ಲಿ ಬರ್ಕೊಡು."

ಬರೆದೆ. ಆದರೆ ಬಾಣಂತನ, ತವರು ಎಂದೆಲ್ಲ ಬರೆದರೆ ಡ್ಯಾಡಿಯ ಮೇಲಿನ ಆ ದೊರೆ ಸೆಂಟಿಮೆಂಟಲ್ ಅಂತ ನಕ್ಕಾರು ಅನ್ನಿಸಿತು. ಜಾಣತನ ಮಾಡಿದೆ. ಬಡ ವಿಧವೆ, ಮರವೇ ಜೀವನಾಧಾರ, ವರ್ಷಕ್ಕೆ ಇಷ್ಟು ಹುಣಸೆಹಣ್ಣು. ಹಕ್ಕಿಯ ಹೆಸರಾಗಲಿ ಎರಡು ತಿಂಗಳ ಮಾತಾಗಲಿ ಎತ್ತಲಿಲ್ಲ. ಅಜ್ಜಿ ನಂಬಿ ಹೆಬ್ಬೆಟ್ಟು ಒತ್ತಿದಳು. ದೊರೆ ನನ್ನ ಪಿಟಿಷನ್ ಮೆಚ್ಚಿ, ವೆರಿ ಫೇರ್ ಎಂದು ಪರಿಹಾರ ಹೆಚ್ಚಿಸಿ, ಮೂರನೆಯ ದಿನವೇ ಕೊಡಲಿ ಹಾಕಿಸಿದರು.

ರೆಕ್ಕೆ ಬಲಿಯದ ಮರಿಗಳು ಧೂಳಿನಲ್ಲಿ ಬಿದ್ದಿದ್ದವು. ತಾಯಂದಿರು ಮರ ಇದ್ದ ಎತ್ತರದಲ್ಲೇ ಸುತ್ತುತ್ತಿದ್ದವು. ಆ ಕೊಕ್ಕರೆಗಳಿಗೆ ಕೂಗು ಇಲ್ಲ. ಕೊಕ್ಕು ಬಡಿಯುವ ಸದ್ದಷ್ಟೇ.

ಅಜ್ಜಿ ನನ್ನ ಹತ್ತಿರ ಬಂದಳು. "ಪಕ್ಸಿ ಇಚಾರ ಬರ್ದಿದ್ದಾ?"

ಇಲ್ಲ, ಅಂದೆ.

"ನಾ ಯೋಳಿದ್ದು ಅದೊಂದೇ ಅಲ್ವೇನವ್ವ."

ಮರುದಿನ ಹಾಲು ತಂದಳು, ಅದೇ ಅಳತೆ. ಭುಜದ ಮೇಲೆ ಕಲೆ ಇರಲಿಲ್ಲ. ಆ ವರ್ಷದ ಮಡಿಲಕ್ಕಿಯನ್ನು ಕಡಿದ ಮರದ ಬೊಡ್ಡೆಯ ಮೇಲೆ ಇಟ್ಟಳಂತೆ.

ಸ್ವಾತಂತ್ರ್ಯ ಬಂದ ವರ್ಷ ಅವಳು ತೀರಿಕೊಂಡಳು, ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ. ಆ ಮರ ಕಡಿದದ್ದು ಸರಿಯೇ ಎಂದು ಡ್ಯಾಡಿಯನ್ನು ಒಮ್ಮೆ ಕೇಳಿದ್ದೆ. ಪರಿಹಾರ ಕೊಟ್ಟೆವಲ್ಲಮ್ಮ, ಅಂದರು. ನನಗೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಎಂಬತ್ತು ದಾಟಿದರೂ ಸ್ವಿಚ್ ಒತ್ತಿದಾಗಲೆಲ್ಲ ಕೂತಲ್ಲಿ ಕೂರಲಾಗುವುದಿಲ್ಲ. ಆ ಪಿಟಿಷನ್ನನ್ನು ಮನಸ್ಸಿನಲ್ಲೇ ಮತ್ತೆ ಬರೆಯುತ್ತೇನೆ. ಡಿಯರ್ ಸರ್, ಎರಡು ತಿಂಗಳು ತಡೆಯಿರಿ. ಮನೆಯಲ್ಲಿ ಬಾಣಂತಿಯರಿದ್ದಾರೆ.