ಕುಮುದಿನಿಯ ಮದುವೆ ಸುಟ್ಟುಹೋದ ಬೆಳಿಗ್ಗೆ

ಬೆಳಕು ಹರಿಯುವ ಮೊದಲು ಸುಶೀಲಾ ಬಚ್ಚಲ ಒಲೆಗೆ ಬೆಂಕಿ ಹಾಕಬೇಕಿತ್ತು, ಕೊಟ್ಟಿಗೆ ಬಾಚಬೇಕಿತ್ತು, ಹಾಲು ಕರೆಯಬೇಕಿತ್ತು, ದೇವರ ಪಾತ್ರೆ ತೊಳೆಯಬೇಕಿತ್ತು, ತೋಟದಲ್ಲಿ ಕಾಫಿ ಹಣ್ಣು ಕೊಯ್ಯಲು ಬರುವ ಆಳುಗಳಿಗೆ ದೊಡ್ಡ ಪಾತ್ರೆಯಲ್ಲಿ ಕಾಫಿ ಕಾಸಬೇಕಿತ್ತು. ಇಷ್ಟರ ನಡುವೆ ಒಂದು ಕೊಲೆಯನ್ನೂ ಮಾಡಿಸಬೇಕಿತ್ತು.

ತೊಂಬತ್ತರ ದಶಕದಲ್ಲಿ ಬಾಡಿಗೆ ಲೈಬ್ರರಿಗಳಲ್ಲಿ ಓಡುತ್ತಿದ್ದ ‘ಪತ್ತೇದಾರಿಣಿ ಕುಮುದಿನಿ’ ಸರಣಿಯನ್ನು ಬರೆಯುತ್ತಿದ್ದವಳು ಮಲ್ಲಂದೂರಿನ ಈ ಸುಶೀಲಾ. ಶವ ಎಲ್ಲಿ ಸಿಗಬೇಕೆಂಬುದು ಹಾಲು ಕರೆಯುವಾಗ ತೀರ್ಮಾನವಾಗುತ್ತಿತ್ತು, ಕೊಲೆಗಾರ ಯಾರೆಂಬುದು ಕೊಟ್ಟಿಗೆ ಬಾಚುವಾಗ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ ಬರವಣಿಗೆ. ಬರೆದ ಹಾಳೆಗಳನ್ನು ಬಚ್ಚಲ ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದಳು. ಅಲ್ಲಿ ಕಾಗದಕ್ಕೆ ತಂಡಿ ಹಿಡಿಯುವುದಿಲ್ಲ. ಮೇಲಾಗಿ, ಆ ಒಲೆಯ ಹತ್ತಿರ ಅವಳನ್ನು ಬಿಟ್ಟು ಮನೆಯಲ್ಲಿ ಇನ್ನೊಬ್ಬರ ಕೈ ಸುಳಿಯುವುದಿಲ್ಲ.

ಆ ವರ್ಷದ ಕೊಯ್ಲಿನ ಹೊತ್ತಿಗೆ ಪ್ರಕಾಶಕ ಓಂಕಾರಪ್ಪನವರು ಫೋನು ಮಾಡಿದ್ದರು. “ಈ ಪುಸ್ತಕದಲ್ಲಿ ಕುಮುದಿನಿಗೆ ಮದುವೆ ಮಾಡಿಸಿಬಿಡಿ ಅಮ್ಮಾ. ಆಮೇಲೆ ಅವಳು ಮನೆ ನೋಡ್ಕೊಳ್ಳಲಿ. ಮುಂದಿನ ಸರಣಿ ಅವಳ ಗಂಡನದ್ದು, ಪೊಲೀಸ್ ಆಫೀಸರ್. ಆಗೋದಿಲ್ಲ ಅಂದ್ರೆ ನಮ್ಮಲ್ಲಿ ಇದೇ ಕೊನೆ ಪುಸ್ತಕ.”

ಸುಶೀಲಾ ಬರೆದಳು. ಕೊನೆಯ ಅಧ್ಯಾಯದಲ್ಲಿ ಕುಮುದಿನಿ ಪಿಸ್ತೂಲನ್ನು ಗಂಡನ ಕೈಗೆ ಕೊಟ್ಟು ಹಾಲಿನ ಲೋಟ ಹಿಡಿದು ನಿಂತಳು. ಬರೆದ ದಿನದಿಂದ ಸುಶೀಲಾಗೆ ಅನ್ನ ರುಚಿಸಲಿಲ್ಲ. ಅದನ್ನು ಅಂಚೆಗೆ ಹಾಕಬೇಕಾಗಿದ್ದ ದಿನವೇ ಮೈ ಕೆಂಡದಂಥ ಜ್ವರ.

ಗಂಡ ಗಣಪಯ್ಯನಿಗೆ ಪೂಜೆಗೆ ಮೊದಲು ಬಿಸಿನೀರಿನ ಸ್ನಾನವಾಗಲೇಬೇಕು. ಹೆಂಡತಿ ಏಳದ್ದನ್ನು ನೋಡಿ ಜನ್ಮದಲ್ಲಿ ಮೊದಲ ಸಲ ತಾನೇ ಬಚ್ಚಲಿಗೆ ಹೋದ. ಮೈಯೆಲ್ಲ ಬೂದಿ ಮಾಡಿಕೊಂಡು, ಗೆದ್ದವನ ಮುಖದಲ್ಲಿ ಹಾಸಿಗೆಯ ಹತ್ತಿರ ಬಂದ.

“ಒಲೆ ಹತ್ತಿತು ನೋಡು! ದಿನಾ ಎಂತ ಕಷ್ಟ ಅಂತೀಯ ಮಾರಾಯ್ತಿ?”

“ಎಂತರಲ್ಲಿ ಹತ್ತಿಸಿದ್ರಿ?”

“ಗೂಡಲ್ಲಿ ಒಣ ಕಾಗದ ಇತ್ತಲ್ಲ. ಮೇಲಿನ ಹತ್ತು ಹಾಳೆ ತಗೊಂಡೆ. ಭಗ್ ಅಂತ ಹತ್ತಿತು.”

ಮಗಳು ಪಂಚಮಿ ಬಚ್ಚಲಿಗೆ ಓಡಿ, ಉಳಿದ ಹಾಳೆಗಳನ್ನು ಎದೆಗೆ ಅವುಚಿಕೊಂಡು ಬಂದಳು. “ಕೊನೇ ಅಧ್ಯಾಯ ಒಂದೇ ಹೋದದ್ದು. ಅಪ್ಪ, ನೀವು ಸುಟ್ಟಿದ್ದು ಕುಮುದಿನಿಯ ಮದುವೆ!”

ಗಣಪಯ್ಯನ ಮುಖ ಸಣ್ಣದಾಯಿತು. ಅಳು ಬರುತ್ತದೆಂದು ಸುಶೀಲಾ ಕಾದಳು. ಬರಲಿಲ್ಲ. ತಿಥಿಯ ಊಟ ಮುಗಿದು, ಕೊನೆಯ ಎಲೆ ಎತ್ತಿ, ನೆಲ ಸಾರಿಸಿ, ಕಾಲು ಚಾಚಿ ಕೂತಾಗ ಬರುತ್ತದಲ್ಲ, ಅಂಥ ನಿರಾಳ ಬಂತು. ಕಂಬಳಿಯೊಳಗೇ ನಕ್ಕಳು.

“ನಗ್ತೀಯಲ್ಲೇ! ಇನ್ನೊಂದು ಸಲ ಬರಿ. ಮದುವೆ ತಾನೇ, ಎಲ್ಲಾ ಒಂದೇ ಥರ.”

“ಹೌದಲ್ಲ, ಒಂದೇ ಥರ. ನೀವು ಹೋಗಿ ಹಾಲು ಕರೀರಿ. ಹಸು ಒದೆಯುತ್ತೆ, ಎಡಗಡೆ ಕೂರಬೇಡಿ.”

ಎರಡು ದಿನ ಬಿಟ್ಟು ಜ್ವರ ಇಳಿಯಿತು. ಮಧ್ಯಾಹ್ನ ಮನೆ ನಿದ್ದೆಯಲ್ಲಿದ್ದಾಗ ಹಿತ್ತಿಲ ಜಗಲಿಯಲ್ಲಿ ಕೂತು ಪೆನ್ನು ತೆಗೆದಳು. ಮದುವೆ ಬರೆದರೆ ಮುಂದೆಯೂ ಪುಸ್ತಕ, ಬರೆಯದಿದ್ದರೆ ಇಲ್ಲಿಗೇ ಮುಗಿಯಬಹುದು. ಓಂಕಾರಪ್ಪನವರಿಗೆ ಫೋನು ಮಾಡಿ ಕೇಳಬಹುದಿತ್ತು. ಗಂಡನನ್ನು ಎಬ್ಬಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ.

ಆಫೀಸರ್ ಜೀಪಿನ ಬಾಗಿಲು ತೆರೆದು ಹಿಡಿದ. ಕುಮುದಿನಿ ಅವನಿಗೆ ಕೈಮುಗಿದು, ರಸ್ತೆ ದಾಟಿ, ಕಳಸದ ಬಸ್ಸು ಹತ್ತಿದಳು. ಇಷ್ಟನ್ನು ಬರೆದು ಸುಶೀಲಾ ಹಾಳೆಗಳನ್ನು ಕವರಿಗೆ ಸೇರಿಸಿ ಅಂಟು ಹಚ್ಚಿದಳು. ಚಪ್ಪಲಿ ಮೆಟ್ಟಿ ತಾನೇ ಅಂಚೆ ಕಚೇರಿಯ ಕಡೆ ನಡೆದಳು.